ಪಿರಿಯಾಪಟ್ಟಣದ ಹಳೆಯ ಕೋಟೆಯೂ ಪೇಟೆಯೂ

ಬೆಟ್ಟದಪುರದ ಶ್ರೀ ಮಲ್ಲಿಕಾರ್ಜುನಸ್ವಾಮಿಯ ದರ್ಶನಾರ್ಥವಾಗಿ ಹೊರಡುವ ಭಕ್ತಾದಿಗಳಲ್ಲಿ ಹಲವರು ಪಿರಿಯಾಪಟ್ಟಣದಲ್ಲಿ ಒಂದು ಬಸ್ಸಿನಿಂದಿಳಿದು ಮತ್ತೊಂದು ಬಸ್ಸನ್ನು ಹತ್ತುವರಲ್ಲದೆ, ಆ ಊರಿನೊಳಗೆ ನಾಲ್ಕು ಹೆಜ್ಜೆ ನಡೆದು ನೋಡುವವರು ವಿರಳ. ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಹುಣಸೂರಿನಿಂದ ಮುಂದಕ್ಕೆ ಸುಮಾರು ೧೩ ಮೈಲಿಗಳ ದೂರದಲ್ಲಿರುವ ಈ ಊರು ಇಂದು ಒಂದು ತಾಲ್ಲೂಕಿನ ಮುಖ್ಯಸ್ಥಳವಾಗಿರುವುದು. ಹೊಗೆಸೊಪ್ಪಿನ ಬೆಳೆಗೆ ಹೆಸರಾಗಿರುವುದು. ಹೆದ್ದಾರಿಯ ಎರಡು ಮಗ್ಗುಲಿನಲ್ಲಿಯೂ ಅಂಗಡಿಗಳು, ಗಾಡಿಗಳು, ಜನಸಂದಣಿ. ಇದನ್ನೇ ಊರಿನ ನಡುಮಧ್ಯವೆಂದು ಯಾತ್ರಿಕನು ಭಾವಿಸಿದರೆ ಅದು ಸಹಜವೇ. ಆದರೆ ಮುನ್ನೂರು ವರ್ಷಗಳ ಹಿಂದೆ ಬಂದಿದ್ದ ಯಾತ್ರಿಕನು ಊರಿನ ನಡುವೆಲ್ಲಿ ಎಂದು ಕೇಳಿದ್ದರೆ ಜನರು ಬೇರೊಂದು ಕಡೆಗೆ ಕೈ ತೋರಿಸುತ್ತಿದ್ದರು. ಅದು ಕಲ್ಲುಕೋಟೆಯ ಹೆಬ್ಬಾಗಿಲು. ಅದರ ಒಳಗೆ ಅರಮನೆ, ಗುಡಿಗಳು, ಒಳಕೋಟೆ. ಅದರ ಹೊರಗೆ ಪೇಟೆ. ಕುಸಿದ ಕಲ್ಲುಗಳೂ ಹೂಳು ತುಂಬಿದ ಕಂದಕವೂ ಆ ಕಾಲವನ್ನು ಇಂದಿಗೂ ಸೂಚಿಸುತ್ತಿರುವುವು. ಶಿವಭಕ್ತರು ಈ ಸ್ಥಳವನ್ನು ಅರಿತು ನೋಡಬೇಕಾದುದಕ್ಕೆ ವಿಶೇಷ ಕಾರಣವುಂಟು. ಬೆಟ್ಟದ ಮೇಲಿನ ಮಲ್ಲಿಕಾರ್ಜುನನನ್ನೇ ತಮ್ಮ ಕುಲಸ್ವಾಮಿಯೆಂದು ನಂಬಿ ರಾಜ್ಯವಾಳಿದ ಒಂದು ಮನೆತನವು ಕಡೆಯುಸಿರೆಳೆದುದು ಈ ಕೋಟೆಯೊಳಗೆ.

ಊರಿನ ಹೆಸರನ್ನು ಕುರಿತು ಮೊದಲು ಒಂದು ಮಾತು. ‘ಪಿರಿಯ’ ಎಂದರೆ ಹಳಗನ್ನಡದಲ್ಲಿ ಹಿರಿಯ, ದೊಡ್ಡ ಎಂದರ್ಥ. ಆದುದರಿಂದ ಪಿರಿಯಾಪಟ್ಟಣವೆಂದರೆ ದೊಡ್ಡ ಪಟ್ಟಣವೆಂದೇ ಹಲವರು ಅರ್ಥಮಾಡುವರು. ಅರ್ಥವೇನೋ ಸರಿಯಾಗಿ ಕೂಡುವುದು, ಚರಿತ್ರೆ ಕೂಡುವುದಿಲ್ಲ. ಊರಿಗೆ ಮೊದಲಿದ್ದ ಹೆಸರು ಸಿಂಗಪಟ್ಟಣ. ಚಂಗಾಳ್ವ ವಂಶದ ಪಿರಿಯರಾಜನು, ಎಂದರೆ ಶಾಸನಗಳಲ್ಲಿ ರುದ್ರಗಣನೆಂದೂ ಕಾಣಿಸಿಕೊಳ್ಳುವ ಅರಸನು, ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಸ್ಥಳಕ್ಕೆ ಕಲ್ಲಿನ ಕೋಟೆಯನ್ನು ಕಟ್ಟಿಸಿ ಅದಕ್ಕೆ ತನ್ನ ಹೆಸರನ್ನಿಟ್ಟನು. ದೊಡ್ಡದೆಂಬ ಕಾರಣದಿಂದಲ್ಲ, ದೊರೆಯ ಕಾರಣದಿಂದ ಬಂದ ಹೆಸರಿದು. ಅರಸನ ವಂಶವು ಅಳಿದು ಕೋಟೆಯು ಪಾಳುಬಿದ್ದ ಮೇಲೆಯೂ ಜನರ ನಾಲಗೆಯ ಮೇಲೆ ಅವನ ಹೆಸರು ದಿನಕ್ಕೆ ನೂರಾರು ಸಾರಿ ಬರುತ್ತಿರುವುದು. ಆದರೆ ಅದು ಒಬ್ಬ ಮನುಷ್ಯನ ಹೆಸರೆಂಬುದು ಮಾತ್ರ ಮರೆತುಹೋಗಿರುವುದು.

ಚಂಗಾಳ್ವರು ನಿನ್ನೆ ಮೊನ್ನೆಯ ಪಾಳೆಯಗಾರರಲ್ಲ. ಬಿ. ಎಲ್. ರೈಸ್ ಮಹಾಶಯರು ಈ ಸೀಮೆಯ ಶಾಸನಗಳನ್ನು ಸಂಗ್ರಹಿಸಿ ೧೮೯೮ರಲ್ಲಿ ಅಚ್ಚುಹಾಕಿಸಿದ ಬಳಿಕ ಈ ವಂಶದ ಪ್ರಾಚೀನತೆಯು ವಿದ್ವಾಂಸರಿಗೆ ತಿಳಿದುಬಂದಿತು. ಹನ್ನೊಂದನೆಯ ಶತಮಾನದ ಆದಿಭಾಗದಿಂದಲೇ ಇವರ ಹೆಸರು ಶಿಲೆಗಳ ಮೇಲೆ ದೊರೆಯುವುದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರಗಳ ಸೀಮೆಯೂ ಕೊಡಗಿನ ಒಂದು ಭಾಗವೂ ಸೇರಿ ಚಂಗನಾಡೆನಿಸಿದ್ದಿತು. ಇವರ ಮೊದಲ ಹೆಗ್ಗುರುತುಗಳಲ್ಲೊಂದು ಕಾವೇರಿಯ ತೀರಪ್ರದೇಶದಲ್ಲಿರುವ ಹನಸೋಗೆ, ಎಂದರೆ ಶಾಸನಗಳ ಪನಸೋಗೆ. ಅಲ್ಲಿಯ ಜಿನಬಸದಿಗಳನ್ನು ಪುನಃ ಕಟ್ಟಿಸಿದವನು ರಾಜೇಂದ್ರಚೋಳ ನನ್ನಿ ಚಂಗಾಳ್ವನು. ಆ ಬಸದಿಗಳನ್ನು ಮೊಟ್ಟಮೊದಲು ಸ್ಥಾಪಿಸಿದವನು ದಶರಥನ ಮಗನಾದ ರಾಮನೆಂದು ಅಲ್ಲಿಯ ಶಾಸನಗಳು ಹೇಳುವುವು. ಪುರಾಣದ ಮಾತು ಹಾಗಿರಲಿ. ‘ರಾಜೇಂದ್ರಚೋಳ’ ಎಂಬ ಬಿರುದು ಅರಸನ ಹೆಸರಿಗೆ ಅಂಟಿಕೊಂಡಿರುವುದರಿಂದ ಆಗ ಚಂಗಾಳ್ವರು ತಂಜಾವೂರಿನ ಚೋಳರಿಗೆ ಅಧೀನರಾಗಿದ್ದರೆಂಬುದು ಸ್ಪಷ್ಟ.

ಚೋಳರ ಬಳಿಕ ಹೊಯ್ಸಳರು ಬಂದರು. ಚಂಗಾಳ್ವರು ಸುಲಭವಾಗಿ ತಲೆಬಾಗಲಿಲ್ಲ. ಕ್ರಿ. ಶ. ೧೧೭೪ರಲ್ಲಿ ಇಮ್ಮಡಿ ಬಲ್ಲಾಳನ ದಂಡನಾಯಕನಾದ ಬೆಟ್ಟರಸನು ಚಂಗಾಳ್ವ ಮಹಾದೇವನನ್ನು ಕೊಡಗಿನ ಪಾಲ್ಪರೆಯ ದುರ್ಗದವರೆಗೂ ಅಟ್ಟಿಕೊಂಡು ಹೋಗಿ ಸೋಲಿಸಿದನು. ಆ ಬಳಿಕ ಪೆಮ್ಮ ವೀರಪ್ಪನೆಂಬ ಚಂಗಾಳ್ವನು ಎಲ್ಲ ನಾಡುಗಳ ಕೊಡಗರನ್ನು ಕೂಡಿಸಿಕೊಂಡು ಬೆಟ್ಟರಸನ ಮೇಲೆ ಬಿದ್ದನು. ಹೊಯ್ಸಳ ಸೈನ್ಯವು ಸೋಲಿನ ಅಂಚಿಗೆ ಬಂದು, ಕಡೆಗೆ ಹೇಗೋ ಗೆದ್ದಿತು. ಕೊಡಗರೆಂಬ ಹೆಸರು ಶಾಸನಗಳಲ್ಲಿ ಕಾಣಿಸಿಕೊಳ್ಳುವುದು ಈ ಪ್ರಸಂಗದಲ್ಲಿಯೇ ಎಂಬುದು ಗಮನಾರ್ಹ. ಮಲೆನಾಡಿಗೂ ಬಯಲುಸೀಮೆಗೂ ನಡುವೆ ನಿಂತು, ಎರಡು ಕಡೆಯಿಂದಲೂ ಪೆಟ್ಟುತಿಂದು, ಎರಡು ಕಡೆಯಿಂದಲೂ ಬಲವನ್ನು ಪಡೆದು ಬದುಕಿದ ರಾಜ್ಯವದು. ಮುಂದೆ ಪಿರಿಯಾಪಟ್ಟಣಕ್ಕೆ ಒದಗಿದ ಭಾಗ್ಯಕ್ಕೂ ದುರ್ಭಾಗ್ಯಕ್ಕೂ ಈ ನೆಲೆಯೇ ಕಾರಣವಾಯಿತು.

ವಿಜಯನಗರದ ಕಾಲದಲ್ಲಿ ಚಂಗಾಳ್ವರು ಆ ಸಾಮ್ರಾಜ್ಯದ ಸಾಮಂತರಾದರು. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಆಳಿದ ನಂಜರಾಜನು ಕೊಡಗಿನಲ್ಲಿ, ಕಾವೇರಿಯ ಬಳಿ, ನಂಜರಾಜಪಟ್ಟಣವನ್ನು ಕಟ್ಟಿದನು. ಅನಂತರ ಪಿರಿಯರಾಜನ ಕಾಲಕ್ಕೆ ರಾಜಧಾನಿಯು ಬಯಲಿಗಿಳಿದು ಪಿರಿಯಾಪಟ್ಟಣವಾಯಿತು. ಕಾಡಿನ ಮರೆಯನ್ನು ಬಿಟ್ಟು, ಸುತ್ತಲೂ ಕಣ್ಣಿಗೆ ಕಾಣುವ ಮಟ್ಟನೆಲದಲ್ಲಿ ಕಲ್ಲುಕೋಟೆಯನ್ನು ಕಟ್ಟಿ ನಿಂತುದು ಧೈರ್ಯದ ಕಾರ್ಯ. ಹಿಂದಿರುಗಿ ನೋಡಿದರೆ ವಿವೇಕದ ಕಾರ್ಯವಾಗಿರಲಿಲ್ಲವೆಂದು ತೋರುವುದು.

ಈ ಅರಸರ ಮತವನ್ನು ಕುರಿತು ಸ್ವಲ್ಪ ವಿವೇಚಿಸುವುದು ಅವಶ್ಯಕ. ಹನಸೋಗೆಯ ಬಸದಿಗಳಿಂದ ಚಂಗಾಳ್ವರು ಮೊದಲು ಜೈನಧರ್ಮಕ್ಕೆ ಒಲಿದಿದ್ದರೆಂದು ಊಹಿಸಬಹುದಾಗಿದೆ. ಕಾಲಕ್ರಮದಲ್ಲಿ ಅವರು ಶಿವಭಕ್ತರಾಗಿ, ಕಡೆಯ ತಲೆಮಾರುಗಳಲ್ಲಿ ವೀರಶೈವರಾಗಿದ್ದರು. ಈ ಮಾರ್ಪಾಟನ್ನು ಬೆಟ್ಟದಪುರದ ಸ್ಥಳಪುರಾಣವು ಮಲ್ಲಿಕಾರ್ಜುನನ ಒಂದು ಪವಾಡಕ್ಕೆ ಜೋಡಿಸಿ ಹೇಳುವುದು. ಚರಿತ್ರಕಾರನಿಗೆ ಪವಾಡವು ಪ್ರಮಾಣವಲ್ಲ. ಭಕ್ತನಿಗೆ ಅದು ಬೇಕು. ಇಬ್ಬರಿಗೂ ಒಪ್ಪಿತವಾಗುವ ಸಂಗತಿಯೇನೆಂದರೆ, ಪಿರಿಯಾಪಟ್ಟಣದಿಂದ ಸುಮಾರು ಹತ್ತು ಮೈಲಿಗಳ ದೂರದಲ್ಲಿ, ಸಮುದ್ರಮಟ್ಟಕ್ಕೆ ೪,೩೦೦ ಅಡಿಗಳಿಗೂ ಮಿಗಿಲಾದ ಎತ್ತರದಲ್ಲಿರುವ ಆ ಗಿರಿಶಿಖರದ ದೇವರನ್ನು ಈ ಅರಸರು ‘ಅನ್ನದಾನಿ ಮಲ್ಲಿಕಾರ್ಜುನ’ನೆಂದು ಕರೆದು ಕುಲದೈವವನ್ನಾಗಿ ಇಟ್ಟುಕೊಂಡಿದ್ದರೆಂಬುದು. ಬೆಟ್ಟವನ್ನು ಶ್ರೀಗಿರಿಯೆಂದು ಕರೆದರು. ಎಂದರೆ ಶ್ರೀಶೈಲವನ್ನು ತಮ್ಮ ಸೀಮೆಗೆ ಬರಮಾಡಿಕೊಂಡರು. ಕ್ರಿ. ಶ. ೧೬೦೭ರಲ್ಲಿ ಹುಣಸೂರು ಕಡೆಯ ಮಲಲವಾಡಿ ಸೀಮೆಯು ವಿಜಯನಗರದ ಕಡೆಯಿಂದ ರುದ್ರಗಣನಿಗೆ ದೊರೆತಾಗ, ಅದು ದೊರೆತುದು ಈ ದೇವರ ಸೇವೆಯ ಹೆಸರಿನಲ್ಲಿ. ಆ ಹೆಸರಿನ ಅಂದವನ್ನು ಗಮನಿಸಬೇಕು. ಅರಸರು ತಮ್ಮ ದೇವರಿಗೆ ರಣಧೀರ, ಅರಿಭಯಂಕರ ಮೊದಲಾದ ಬಿರುದುಗಳನ್ನು ಕೊಡಲಿಲ್ಲ, ಅನ್ನವನ್ನಿಕ್ಕುವವನೆಂದು ಕರೆದರು. ದಾಸೋಹವನ್ನು ಧರ್ಮದ ತಿರುಳೆಂದು ಬಲ್ಲ ಶಿಷ್ಯವರ್ಗದವರಿಗೆ ಇದರ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಶಿವಭಕ್ತರಾದರೆಂದ ಮಾತ್ರಕ್ಕೆ ಅವರು ಅನ್ಯಮತೀಯರನ್ನು ದೂರಮಾಡಲಿಲ್ಲ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಪ್ರಭುವೂ ಚಂಗಾಳ್ವರ ಮಂತ್ರಿಮನೆತನದವನೂ ಆದ ಮೂರನೆಯ ಮಂಗರಸನು ಜೈನನು. ಹದಿನಾರನೆಯ ಶತಮಾನದ ಆರಂಭದಲ್ಲಿ ಅವನು ‘ಜಯನೃಪಕಾವ್ಯ’, ‘ನೇಮಿಜಿನೇಶಸಂಗತಿ’ ಮುಂತಾದ ಕಾವ್ಯಗಳನ್ನು ಬರೆದುದಲ್ಲದೆ, ಅಡುಗೆಯ ವಿದ್ಯೆಯನ್ನು ಕುರಿತು ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೂ ಪದ್ಯದಲ್ಲಿ ರಚಿಸಿದನು. ಕುಮಾರರಾಮನ ಕಥೆಯನ್ನು ಸಾಂಗತ್ಯದಲ್ಲಿ ಹಾಡಿದ ನಂಜುಂಡ ಕವಿಯು ಚಂಗಾಳ್ವ ಕುಲದವನೇ. ಒಂದು ಸಣ್ಣ ಸೀಮೆಯಲ್ಲಿ, ಸ್ವಲ್ಪ ಕಾಲದ ಅಂತರದಲ್ಲಿ, ಇಷ್ಟು ಸಾಹಿತ್ಯವು ಹುಟ್ಟಿತೆಂದರೆ ಆ ಆಳಿಕೆಯಲ್ಲಿ ಜನರಿಗೆ ಊಟವೂ ನೆಮ್ಮದಿಯೂ ಇದ್ದಿರಬೇಕು. (೧೯೭೨ರಿಂದ ೧೯೮೦ರವರೆಗೆ ಮುಖ್ಯಮಂತ್ರಿಗಳಾಗಿದ್ದ ಡಿ. ದೇವರಾಜ ಅರಸರ ಊರೂ ಇದೇ ಕಲ್ಲಹಳ್ಳಿ.)

ಕೋಟೆಗೂ ಪೇಟೆಗೂ ಇದ್ದ ಸಂಬಂಧವನ್ನು ತಿಳಿಯದೆ ಮುಂದಿನ ಕಥೆಯು ತಿಳಿಯಲಾರದು. ಕನ್ನಡನಾಡಿನ ಹಳೆಯ ಪಟ್ಟಣಗಳೆಲ್ಲವೂ ಹೆಚ್ಚುಕಡಮೆ ಈ ಎರಡು ಅಂಗಗಳಿಂದಾದುವು. ಕೋಟೆಯೊಳಗೆ ಅರಸನು, ಅವನ ಪರಿವಾರ, ಉಗ್ರಾಣ, ಮದ್ದಿನ ಮನೆ, ದೇವಾಲಯ. ಹೊರಗಿನ ಪೇಟೆಯಲ್ಲಿ ಬಣಜಿಗರು, ನೇಯ್ಗೆಯವರು, ಗಾಣಿಗರು, ಕಮ್ಮಾರ ಬಡಗಿಗಳು, ಊರದೇವತೆಯ ಗುಡಿ, ವಾರದ ಸಂತೆ. ಕೋಟೆಯ ಹೆಬ್ಬಾಗಿಲಿಗೂ ಪೇಟೆಯ ಬೀದಿಗೂ ನಡುವಣ ಬಯಲೇ ಊರಿನ ಜೀವಸ್ಥಾನ. ಡಂಗುರ ಸಾರುತ್ತಿದ್ದುದು ಅಲ್ಲಿ, ಸುಂಕ ಕಟ್ಟುತ್ತಿದ್ದುದು ಅಲ್ಲಿ, ಉತ್ಸವ ಬಂದು ನಿಲ್ಲುತ್ತಿದ್ದುದು ಅಲ್ಲಿ. ಪಿರಿಯಾಪಟ್ಟಣಕ್ಕೆ ಇವೆಲ್ಲದರ ಜೊತೆಗೆ ಗಡಿಯೂರೆಂಬ ವಿಶೇಷವಿದ್ದಿತು. ಪಶ್ಚಿಮಕ್ಕೆ ಕೊಡಗಿನ ಕಾಡು, ಅದರಾಚೆ ಮಲೆಯಾಳದ ಕರಾವಳಿ; ಪೂರ್ವಕ್ಕೆ ರಾಗಿ ಬೆಳೆಯುವ ಮೈಸೂರಿನ ಬಯಲು. ಎರಡರ ಸರಕೂ ಈ ಬಾಗಿಲಿನ ಮುಂದೆಯೇ ಹಾಯಬೇಕು. ಸರಕು ಹಾಯುವ ಬಾಗಿಲಿನಲ್ಲಿ ಸೈನ್ಯವೂ ಹಾಯುವುದು.

ಶ್ರೀರಂಗಪಟ್ಟಣದಲ್ಲಿ ೧೬೩೮ರಿಂದ ೧೬೫೯ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ನೆರೆಯ ಸೀಮೆಗಳನ್ನು ಒಂದೊಂದಾಗಿ ಕೂಡಿಸಿಕೊಳ್ಳುತ್ತಿದ್ದ ಕಾಲದಲ್ಲಿ, ೧೬೪೪ರ ಸುಮಾರಿಗೆ, ಮೈಸೂರಿನ ದಂಡು ಪಿರಿಯಾಪಟ್ಟಣಕ್ಕೆ ಮುತ್ತಿಗೆ ಹಾಕಿತು. ಆಗ ಕೋಟೆಯನ್ನು ಕಾಯುತ್ತಿದ್ದವನು ಚಂಗಾಳ್ವ ವೀರರಾಜನು. ಕೋಟೆ ಇನ್ನು ನಿಲ್ಲುವುದಿಲ್ಲವೆಂದು ಕಂಡಾಗ ಅವನು ತನ್ನ ಹೆಂಡಿರನ್ನೂ ಮಕ್ಕಳನ್ನೂ ಕೊಂದು, ಕತ್ತಿಯನ್ನು ಹಿರಿದು ಶತ್ರುಗಳ ನಡುವೆ ನುಗ್ಗಿ ಮಡಿದನೆಂದು ಈ ಸೀಮೆಯ ಜನರು ತಲೆಮಾರುಗಳಿಂದ ಹೇಳುತ್ತ ಬಂದರು. ಆಂಗ್ಲ ಗ್ರಂಥಕಾರರು ಅದನ್ನು ಕೇಳಿ ಬರೆದಿಟ್ಟರು. ಅವನೊಡನೆ ಆರುನೂರು ವರ್ಷಗಳಿಗೂ ಮಿಗಿಲಾಗಿ ನಡೆದುಬಂದ ಚಂಗಾಳ್ವರ ರಾಜ್ಯವು ಮುಗಿಯಿತು.

ಈ ವೃತ್ತಾಂತವನ್ನು ಹೇಳುವವರು ಸಾಮಾನ್ಯವಾಗಿ ವೀರರಾಜನ ಶೌರ್ಯವನ್ನು ಕೊಂಡಾಡಿ ಮುಂದಕ್ಕೆ ಹೋಗುವರು. ಅಷ್ಟಕ್ಕೆ ಬಿಡತಕ್ಕ ಸಂಗತಿಯಲ್ಲವಿದು. ರಣರಂಗದಲ್ಲಿ ಬೆನ್ನು ತೋರದೆ ಮಡಿದ ಅರಸನನ್ನು ಮೆಚ್ಚಬಹುದು. ಆದರೆ ಒಳಮನೆಯಲ್ಲಿ ಮಡಿದವರು ರಣರಂಗವನ್ನು ಬಯಸಿದವರಲ್ಲ. ಶತ್ರುವಿನ ಕೈಗೆ ಸಿಕ್ಕಿ ಮಾನಹಾನಿಯಾಗದಿರಲೆಂದು ಹಾಗೆ ಮಾಡಿದನೆಂದು ಸಮಾಧಾನ ಹೇಳುವವರುಂಟು. ಆ ಕಾಲದ ರಾಜಮನೆತನಗಳ ಪದ್ಧತಿಯೇ ಹಾಗಿತ್ತೆಂದು ಹೇಳುವವರೂ ಉಂಟು. ಪದ್ಧತಿಯು ಕಾರಣವನ್ನು ತಿಳಿಸೀತು, ಪಾಪವನ್ನು ತೊಳೆಯದು. ದಯೆಯೇ ಧರ್ಮಕ್ಕೆ ಮೂಲವೆಂದು ಸಾರಿದ ಶರಣರ ಮತವನ್ನು ಅನುಸರಿಸಿದ ಅರಸನು, ಅನ್ನದಾನಿಯನ್ನು ಕುಲದೈವವಾಗಿ ಪೂಜಿಸಿದ ಅರಸನು, ತನ್ನ ಮನೆಯ ಎಳೆಯ ಜೀವಗಳಿಗೆ ಅಂದು ದಯೆಯನ್ನು ತೋರಲಾರದೆ ಹೋದನು. ಅವನ ಲಿಂಗನಿಷ್ಠೆಯನ್ನು ಗೌರವಿಸುವ ಶಿಷ್ಯರು ಈ ಕಾರ್ಯವನ್ನು ಮಾತ್ರ ಗೌರವಿಸಬೇಕಾದುದಿಲ್ಲ. ಅವರ ಹೆಸರುಗಳನ್ನು ಯಾವ ಶಾಸನವೂ ಬರೆಯಲಿಲ್ಲ. ಗೆದ್ದ ದೊರೆಯ ಪರಾಕ್ರಮವನ್ನು ಹಾಡಲು ಗೋವಿಂದವೈದ್ಯನು ೧೬೪೮ರಲ್ಲಿ ‘ಕಂಠೀರವ ನರಸರಾಜ ವಿಜಯ’ವನ್ನು ಬರೆದನು. ಸೋತ ದೊರೆಗೆ ಅಂತಹ ಕವಿಯು ದೊರೆಯಲಿಲ್ಲ. ಸತ್ತ ಮಕ್ಕಳಿಗೆ ಯಾರೂ ದೊರೆಯಲಿಲ್ಲ.

ಹಾಗೆಂದು ಮೈಸೂರಿನ ಅರಸರನ್ನು ದ್ವೇಷಿಸುವುದೂ ಸಲ್ಲದು. ದೊಡ್ಡ ರಾಜ್ಯವು ಸಣ್ಣ ರಾಜ್ಯವನ್ನು ನುಂಗುವುದು ಆ ಯುಗದ ನೀತಿಯಾಗಿತ್ತು. ಚಂಗಾಳ್ವರಿಗೆ ಬಲವಿದ್ದಿದ್ದರೆ ಅವರೂ ಅದನ್ನೇ ಮಾಡುತ್ತಿದ್ದರು.

ಚಂಗಾಳ್ವರ ಕೊಡಗಿನ ಭಾಗವನ್ನು ಮೈಸೂರಿನವರು ಹಿಡಿದಿಟ್ಟುಕೊಳ್ಳಲಾರದೆ ಹೋದರು. ಅಲ್ಲಿ ಹಾಲೇರಿಯ ಅರಸರು ಬಲಿತರು. ಜಂಗಮವೇಷದಿಂದ ಬಂದು ನೆಲಸಿದ ಇಕ್ಕೇರಿಯ ರಾಜವಂಶೀಯನೊಬ್ಬನಿಂದ ತಮ್ಮ ಮನೆತನವಾಯಿತೆಂದು ಅವರ ಐತಿಹ್ಯ. ಮತದಿಂದ ಅವರೂ ವೀರಶೈವರು. ಹೀಗಾಗಿ ಪಿರಿಯಾಪಟ್ಟಣವು ರಾಜಧಾನಿಯ ಪದವಿಯನ್ನು ಕಳೆದುಕೊಂಡು, ಮೈಸೂರಿಗೂ ಕೊಡಗಿಗೂ ನಡುವಣ ಜಗಳದ ಜಾಗವಾಯಿತು. ಕೋಟೆಯೊಳಗೆ ಅರಮನೆಯ ಬದಲು ಠಾಣೆ ಬಂದಿತು.

ಆ ಠಾಣೆಯು ಸೆರೆಮನೆಯಾದುದು ಹೈದರಾಲಿ, ಟಿಪ್ಪುಗಳ ಕಾಲದಲ್ಲಿ. ಕೊಡಗನ್ನು ವಶಪಡಿಸಿಕೊಂಡ ಮೇಲೆ ಹಾಲೇರಿಯ ರಾಜಕುಮಾರರನ್ನು ಮೊದಲು ಗೊರೂರಿನಲ್ಲಿಯೂ ಬಳಿಕ ಪಿರಿಯಾಪಟ್ಟಣದ ಕೋಟೆಯಲ್ಲಿಯೂ ಇಟ್ಟರು. ವೀರಶೈವ ಮನೆತನವೊಂದು ಕಟ್ಟಿಸಿದ ಕೋಟೆಯಲ್ಲಿ ವೀರಶೈವ ಮನೆತನವೊಂದು ಸೆರೆಯಾಗಿ ಕುಳಿತುದು ವಿಧಿಯ ವಿಲಾಸವೆನ್ನಬೇಕು. ಕ್ರಿ. ಶ. ೧೭೮೮ರಲ್ಲಿ ದೊಡ್ಡವೀರರಾಜೇಂದ್ರನು ತನ್ನ ಪತ್ನಿಯನ್ನೂ, ಲಿಂಗರಾಜ, ಅಪ್ಪಾಜಿ ಎಂಬ ತಮ್ಮಂದಿರನ್ನೂ ಕರೆದುಕೊಂಡು ಈ ಕೋಟೆಯಿಂದ ತಪ್ಪಿಸಿಕೊಂಡು ಕೊಡಗಿಗೆ ಹೋಗಿ ಸೇರಿದನು. ಕೊಡಗರು ಅವನ ಸುತ್ತ ನೆರೆದರು. ನೂರ ನಲವತ್ತು ವರ್ಷಗಳ ಹಿಂದೆ ಇದೇ ಗೋಡೆಗಳ ನಡುವೆ ವೀರರಾಜನಿಗೆ ಹೊಳೆಯದಿದ್ದ ದಾರಿಯು, ಅಥವಾ ಅವನಿಗೆ ತೆರೆಯದಿದ್ದ ದಾರಿಯು, ವೀರರಾಜೇಂದ್ರನಿಗೆ ತೆರೆಯಿತು. ತನ್ನ ವಂಶದ ಚರಿತ್ರೆಯನ್ನು ಈತನು ‘ರಾಜೇಂದ್ರನಾಮೆ’ಯೆಂಬ ಹೆಸರಿನಲ್ಲಿ ಕನ್ನಡದಲ್ಲಿಯೇ ಬರೆಯಿಸಿದನು. ಚಂಗಾಳ್ವರಿಗೆ ದೊರೆಯದ ಭಾಗ್ಯವು ಹಾಲೇರಿಯವರಿಗೆ ದೊರೆಯಿತು. (ಈತನ ಮುಂದಿನ ಆಳಿಕೆಯಲ್ಲಿ ನಡೆದ ಕ್ರೌರ್ಯಗಳು ಬೇರೆಯ ಕಥೆ, ಅವು ಪಿರಿಯಾಪಟ್ಟಣಕ್ಕೆ ಸೇರಿದುವಲ್ಲ.)

ಮೂರು ವರ್ಷಗಳೊಳಗೆ ಕೋಟೆಗೆ ಕಡೆಗಾಲವು ಬಂದಿತು. ೧೭೯೧ರಲ್ಲಿ ಜನರಲ್ ಅಬರ್‌ಕ್ರಾಂಬಿಯ ಕೈಕೆಳಗಿನ ಮುಂಬಯಿಯ ಇಂಗ್ಲಿಷ್ ದಂಡು ಮಲೆಯಾಳದಿಂದ ಕೊಡಗಿನ ಮೂಲಕ ಘಟ್ಟವನ್ನು ಹತ್ತಿ ಬಂದಿತು. ಕೋಟೆಯು ಶತ್ರುವಿಗೆ ಆಶ್ರಯವಾಗಬಾರದೆಂದು ಟಿಪ್ಪು ಸುಲ್ತಾನನು ತಾನೇ ಅದನ್ನು ಕೆಡವಿಸಿದನು. ಶತ್ರುವು ಕೆಡವಿದ ಕೋಟೆಗಳು ಕನ್ನಡನಾಡಿನಲ್ಲಿ ಬಹಳ. ಕಾಯಬೇಕಾದವನೇ ಕೆಡವಿದ ಕೋಟೆಯಿದು. ಯುದ್ಧದ ಲೆಕ್ಕಾಚಾರದಲ್ಲಿ ಅದು ಸರಿಯಿದ್ದೀತು. ಪೇಟೆಯ ಗಾಣಿಗನಿಗೂ ನೇಯ್ಗೆಯವನಿಗೂ ಯಾವ ಲೆಕ್ಕದಲ್ಲಿಯೂ ಸರಿಯಾಗಲಿಲ್ಲ. ಇತ್ತ ಒಂದು ಪಟ್ಟಣವು ಹೀಗೆ ನೆಲಕ್ಕುರುಳುತ್ತಿರಲು, ಅತ್ತ ವೀರರಾಜೇಂದ್ರನು ಅಬರ್‌ಕ್ರಾಂಬಿಯನ್ನು ಸಂಧಿಸಿದ ನೆನಪಿಗಾಗಿ ೧೭೯೨ರಲ್ಲಿ ವೀರರಾಜೇಂದ್ರಪೇಟೆಯನ್ನು ಕಟ್ಟಿಸಿದನು. ಪಿರಿಯಾಪಟ್ಟಣದಲ್ಲಿ ಸೆರೆಯಿದ್ದವನು ಕಟ್ಟಿದ ಪೇಟೆಯು ಇಂದಿಗೂ ವ್ಯಾಪಾರದಿಂದ ಕಂಗೊಳಿಸುತ್ತಿರುವುದು.

ಪಾಳುಬಿದ್ದ ಮೇಲೆಯೂ ಈ ಸ್ಥಳಕ್ಕೆ ಯುದ್ಧವು ತಪ್ಪಲಿಲ್ಲ. ೧೭೯೯ರ ಮಾರ್ಚಿ ತಿಂಗಳಿನಲ್ಲಿ ಮುಂಬಯಿಯ ದಂಡು ಜನರಲ್ ಸ್ಟುವರ್ಟನ ನಾಯಕತ್ವದಲ್ಲಿ ಎರಡನೆಯ ಸಾರಿ ಬಂದಾಗ, ಟಿಪ್ಪು ಪಿರಿಯಾಪಟ್ಟಣದ ಬಳಿ ಬೀಡುಬಿಟ್ಟನು. ಅಲ್ಲಿಂದ ಏಳು ಮೈಲಿಗಳಾಚೆ, ಕೊಡಗಿನ ಗಡಿಯ ಸಿದ್ಧೇಶ್ವರ ಬೆಟ್ಟದ ಮೇಲೆ ನಿಂತಿದ್ದ ವೀರರಾಜೇಂದ್ರನಿಗೂ ಇಂಗ್ಲಿಷ್ ಅಧಿಕಾರಿಗಳಿಗೂ ಬಯಲಿನಲ್ಲಿ ಒಂದೊಂದಾಗಿ ಎದ್ದು ನಿಲ್ಲುತ್ತಿದ್ದ ಡೇರೆಗಳೂ ಅವುಗಳ ನಡುವೆ ಒಂದು ದೊಡ್ಡ ಹಸುರು ಡೇರೆಯೂ ಕಂಡುವು. ಸುಲ್ತಾನನು ತಾನೇ ಬಂದಿರುವನೆಂದು ಅದರಿಂದ ಊಹಿಸಿದರು. ಮಾರನೆಯ ದಿನ, ಮಾರ್ಚಿ ೬ರಂದು, ಅಲ್ಲಿಯ ಕಾಡಿನಲ್ಲಿ ಕಾಳಗವಾಗಿ ಟಿಪ್ಪುವಿನ ದಂಡು ಹಿಮ್ಮೆಟ್ಟಿತು. ಎರಡು ತಿಂಗಳು ಕಳೆಯುವುದರೊಳಗೆ, ಮೇ ೪ರಂದು, ಶ್ರೀರಂಗಪಟ್ಟಣವೇ ಬಿದ್ದಿತು.

ಮರುವರ್ಷ, ೧೮೦೦ರಲ್ಲಿ, ಹೊಸದಾಗಿ ಗೆದ್ದ ಸೀಮೆಗಳನ್ನು ನೋಡಿ ವರದಿಮಾಡಲು ಕಂಪೆನಿಯವರಿಂದ ನೇಮಕವಾಗಿದ್ದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಇಲ್ಲಿಗೆ ಬಂದನು. ಅವನು ಕಂಡ ಪಿರಿಯಾಪಟ್ಟಣದ ಚಿತ್ರವು ಓದಿದವರ ಮನಸ್ಸಿನಿಂದ ಅಳಿಯುವಂತಹುದಲ್ಲ. ಒಳಕೋಟೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ; ಹುಲಿಗಳು ಅದನ್ನು ತಮ್ಮ ಮನೆಯನ್ನಾಗಿ ಮಾಡಿಕೊಂಡಿದ್ದುವು. ಕೆಲವು ರಾತ್ರಿಗಳ ಹಿಂದೆ ದಾರಿತಪ್ಪಿ ಒಳಹೊಕ್ಕ ಕುದುರೆಯೊಂದನ್ನು ಅವು ಕೊಂದಿದ್ದುವು. ನಡುಹಗಲಿನಲ್ಲಿಯೂ ಒಬ್ಬಂಟಿಗನು ಅಲ್ಲಿಗೆ ಕಾಲಿಡುವುದು ಅಪಾಯವೆಂದು ಜನರು ಹೇಳಿದರು. ಪರಿವಾರಸಮೇತನಾಗಿ ಬಂದಿದ್ದ ಬುಕನನ್ನನಿಗೂ ಗುಡಿಗಳೊಳಗೆ ಹೋಗುವುದು ಬೇಡವೆಂದು ತೋರಿತು. ಏಕೆಂದರೆ ಬಿಸಿಲಿನ ಹೊತ್ತಿನಲ್ಲಿ ಹುಲಿಗಳು ತಂಪಿಗಾಗಿ ಮಲಗುತ್ತಿದ್ದುದು ಆ ಗುಡಿಗಳಲ್ಲಿಯೇ. ಮಂಗಳಾರತಿಯ ಗಂಟೆ ಮೊಳಗಿದ ಗರ್ಭಗೃಹದಲ್ಲಿ ಹುಲಿಯ ಗುರುಗುಟ್ಟುವಿಕೆ! ಪಿರಿಯರಾಜನು ಕೋಟೆಯನ್ನು ಕಟ್ಟಿಸಿ ಆಗಿನ್ನೂ ಎರಡು ಶತಮಾನಗಳು ಕಳೆದಿದ್ದುವು, ಅಷ್ಟೆ.

ಅಂತಹ ಊರು ಮರಳಿ ಚಿಗುರಿದುದು ಕೋಟೆಯಿಂದಲ್ಲ, ಪೇಟೆಯಿಂದ. ಒಡೆಯರ ಆಳಿಕೆಯು ಮರಳಿ ನೆಲೆಗೊಂಡ ಮೇಲೆ ಹುಲಿಗಳು ಹಿಂದೆಗೆದುವು, ಉಳುವವರು ಮುಂದೆ ಬಂದರು. ಆದರೂ ಹಳೆಯ ಪ್ರಾಮುಖ್ಯವು ಸುಲಭವಾಗಿ ಬರಲಿಲ್ಲ. ಲಕ್ಷ್ಮಣತೀರ್ಥದ ದಡದ ಹುಣಸೂರಿನಲ್ಲಿ ಅಮೃತಮಹಲಿನ ದನಗಳ ಇಲಾಖೆಯೂ, ಸೈನ್ಯಕ್ಕೆ ಬೇಕಾದ ತೊಗಲು ಹದಮಾಡುವ, ಕಂಬಳಿ ನೇಯುವ, ಮರ ಕೊಯ್ಯುವ ಕಾರ್ಖಾನೆಗಳೂ ಏರ್ಪಟ್ಟು ಆ ಊರು ಮೇಲೇರಿತು. ೧೮೬೦ರ ದಶಕದಲ್ಲಿ ತಾಲ್ಲೂಕು ಕಚೇರಿಯೂ ಪಿರಿಯಾಪಟ್ಟಣದಿಂದ ಹುಣಸೂರಿಗೆ ಹೊರಟುಹೋಯಿತು. ಅರಸರ ರಾಜಧಾನಿಯಾಗಿದ್ದ ಊರು ಬಹುಕಾಲ ಒಂದು ಉಪತಾಲ್ಲೂಕಿನ ಠಾಣ್ಯವಾಗಿದ್ದು, ಮುಂದೆ ಮತ್ತೆ ತಾಲ್ಲೂಕಿನ ಪದವಿಯನ್ನು ಪಡೆಯಿತು. ಅಷ್ಟು ಕಾಲವೂ ಮಸಣಿಕಮ್ಮನ ಜಾತ್ರೆಗೆ ಜನರು ಸೇರುವುದನ್ನು ಬಿಟ್ಟವರಲ್ಲ. ಕಚೇರಿಯನ್ನು ಸರ್ಕಾರದ ಒಂದು ಹುಕುಮು ಎಬ್ಬಿಸಿಕೊಂಡು ಹೋಗಬಲ್ಲುದು, ಜಾತ್ರೆಯನ್ನು ಎಬ್ಬಿಸಲಾರದು.

ಈ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ಊರಿನ ನಡುವು ಸ್ಥಳ ಬದಲಾಯಿಸಿದುದಕ್ಕೆ ಪಿರಿಯಾಪಟ್ಟಣವೊಂದೇ ನಿದರ್ಶನವಲ್ಲ. ಕಾವೇರಿಯ ದಡದ ಎಡತೊರೆಯು ಪ್ರವಾಹದ ಬಾಧೆಗೆ ಸಿಕ್ಕಿದ್ದರಿಂದ, ೧೯೨೫ರಿಂದ ೧೯೩೦ರ ಅವಧಿಯಲ್ಲಿ ದೂರದ ಎತ್ತರದ ನೆಲದಲ್ಲಿ ಅಗಲವಾದ ನೇರ ಬೀದಿಗಳ ಹೊಸ ಪಟ್ಟಣವನ್ನು ಹಾಕಿಸಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಿಂದ ಕೃಷ್ಣರಾಜನಗರವೆಂದು ಕರೆದರು. ಊರು ಎದ್ದುಹೋಯಿತು, ಅರ್ಕೇಶ್ವರನು ಮಾತ್ರ ಹೊಳೆಯ ದಡದಲ್ಲಿಯೇ ಉಳಿದನು. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಬಿನಿಯ ದಡದ ಕಿತ್ತೂರು ಪುನ್ನಾಟರ ರಾಜಧಾನಿಯಾದ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿರುವರು. ಆ ಪುನ್ನಾಟದ ರತ್ನದ ಹೆಸರು ಗ್ರೀಕ್ ಭೂಗೋಳಕಾರನಾದ ಟಾಲೆಮಿಯ ಕಿವಿಗೂ ಬಿದ್ದಿದ್ದಿತು. ೧೯೭೪ರಲ್ಲಿ ಮುಗಿದ ಕಬಿನಿ ಜಲಾಶಯದ ನೀರಿನಲ್ಲಿ ಆ ಹಳೆಯ ನೆಲೆಯು ಮುಳುಗಿತು. ಎಡತೊರೆಯನ್ನು ಹೊಳೆ ಎಬ್ಬಿಸಿತು, ಕಿತ್ತೂರನ್ನು ಕಟ್ಟೆ ಮುಳುಗಿಸಿತು. ಪಿರಿಯಾಪಟ್ಟಣಕ್ಕೆ ನೀರಿನ ಕಾಟವಿರಲಿಲ್ಲ. ಅದನ್ನು ಮನುಷ್ಯರೇ ಬರಿದುಮಾಡಿದರು.

ಗಡಿಯೂರೆಂಬ ಹಳೆಯ ಗುಣವು ಮಾತ್ರ ಇತ್ತೀಚಿನವರೆಗೂ ಉಳಿದಿದ್ದಿತು. ೧೮೩೪ರಲ್ಲಿ ಹಾಲೇರಿಯ ಆಳಿಕೆಯು ಮುಗಿದು ಕೊಡಗು ಇಂಗ್ಲಿಷರ ಕೈಸೇರಿದ ಬಳಿಕವೂ ಪಿರಿಯಾಪಟ್ಟಣದ ಆಚೆಗೆ ಮೈಸೂರಿನ ಎಲ್ಲೆಯು ಮುಗಿಯುತ್ತಿದ್ದಿತು. ೧೯೫೬ರ ನವೆಂಬರು ೧ರಂದು ಕೊಡಗು ಮೈಸೂರು ರಾಜ್ಯದಲ್ಲಿ ಸೇರಿದಂದು, ಎಂಟುನೂರು ವರ್ಷಗಳಿಗೂ ಹಿಂದೆ ಚಂಗಾಳ್ವರು ಕತ್ತಿಯಿಂದ ಕೂಡಿಸಿ ಹಿಡಿದಿದ್ದ ಎರಡು ಸೀಮೆಗಳು ಕತ್ತಿಯಿಲ್ಲದೆ ಒಂದಾದುವು. ಕೆಲವೇ ವರ್ಷಗಳಲ್ಲಿ ಈ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಮನೆಮಠಗಳನ್ನು ಕಳೆದುಕೊಂಡು ಬಂದ ಟಿಬೆಟ್ಟಿನ ಜನರಿಗೆ ನೆಲವು ದೊರೆಯಿತು. ಅವರು ಕಾಡನ್ನು ಕಡಿದು, ಜೋಳ ಬಿತ್ತಿ, ತಮ್ಮ ವಿಹಾರಗಳನ್ನು ಕಟ್ಟಿಕೊಂಡರು. ಇಂದು ಪಿರಿಯಾಪಟ್ಟಣದ ಪೇಟೆಯಲ್ಲಿ ಕಾವಿಯುಟ್ಟ ಬೌದ್ಧ ಭಿಕ್ಷುಗಳು ಸರಕು ಕೊಳ್ಳುವುದನ್ನು ಕಾಣಬಹುದು. ಅನ್ನದಾನಿಯ ಸೀಮೆಯಲ್ಲಿ ಇದು ನಡೆಯತಕ್ಕುದೇ.

ಕೋಟೆಯನ್ನು ನೋಡಬಯಸುವ ಭಕ್ತರು ಹೆದ್ದಾರಿಯನ್ನು ಬಿಟ್ಟು ಊರೊಳಗಿನ ದಾರಿಯನ್ನು ಕೇಳಿಕೊಂಡು ಹೋಗಬೇಕು. ಅಲ್ಲಿ ಅರಮನೆಯಿಲ್ಲ, ನೋಡಿ ಬೆರಗಾಗತಕ್ಕ ಶಿಲ್ಪವನ್ನು ನಿರೀಕ್ಷಿಸಿ ಹೋದವರಿಗೆ ನಿರಾಶೆಯಾದೀತು. ಗಿಡಗಂಟಿಗಳ ನಡುವೆ ಗೋಡೆಯ ಸಾಲನ್ನು ಗುರುತಿಸಿ, ಕಂದಕದ ತಗ್ಗನ್ನು ಕಂಡು, ಹೆಬ್ಬಾಗಿಲಿನ ದಿಕ್ಕನ್ನು ಊಹಿಸಿಕೊಳ್ಳಬೇಕು. ವೀರರಾಜನ ಮನೆಯ ಹೆಂಗಸರೂ ಮಕ್ಕಳೂ ಮಣ್ಣಾದುದು ಈ ನೆಲದೊಳಗೆ. ಅವರ ಹೆಸರು ತಿಳಿಯದಿದ್ದರೂ ಒಂದು ಬಿಲ್ವಪತ್ರವನ್ನು ಅಲ್ಲಿ ಇರಿಸಿ, ಲಿಂಗವನ್ನು ಸ್ಮರಿಸಿ ಮುಂದಕ್ಕೆ ಹೋಗುವುದಕ್ಕೆ ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ.

ಅಲ್ಲಿಂದ ಬೆಟ್ಟದಪುರಕ್ಕೆ ಹೋಗುವ ದಾರಿಯು ಉತ್ತರಕ್ಕೆ ಸಾಗುವುದು. ಹೊಲಗಳ ಮೇಲೆ ಬೆಟ್ಟವು ದೂರದಿಂದಲೇ ಒಂಟಿಯಾಗಿ ಎದ್ದು ಕಾಣುವುದು. ಸಿಡಿಲು ಬಡಿಯುವ ಶಿಖರವಾದುದರಿಂದ ಜನರು ಅಲ್ಲಿಯ ಸ್ವಾಮಿಯನ್ನು ಸಿಡಿಲು ಮಲ್ಲಿಕಾರ್ಜುನನೆಂದೂ ಕರೆಯುವರು. ಚಂಗಾಳ್ವರು ಬಿಟ್ಟ ಭೂಮಿಕಾಣಿಗಳು ಕೈಬದಲಾದುವು, ಅವರ ಬಿರುದುಗಳು ಕಲ್ಲಿನ ಮೇಲೆ ಮಾಸಿದುವು. ಸಾವಿರಾರು ಮೆಟ್ಟಿಲುಗಳನ್ನು ಹತ್ತಿ ಹೋಗುವ ಒಕ್ಕಲು ಮಕ್ಕಳು ತಲೆಯ ಮೇಲೆ ಪೂಜೆಯ ಸಾಮಗ್ರಿಯನ್ನು ಹೊತ್ತು, ಅಲ್ಲಲ್ಲಿ ಕುಳಿತು ದಣಿವಾರಿಸಿಕೊಂಡು, ಇಂದಿಗೂ ಹತ್ತುತ್ತಿರುವರು.